ತಲೆ ಬಡಿಯುವ ಮಗು, ನಿದ್ದೆಗೆಟ್ಟ ಅಮ್ಮ

ಮಕ್ಕಳ ಡಾಕ್ಟರಾದ ನನಗೆ ಓದುಗರು ಬರೆದ ಈ ತಿಂಗಳ ಕಾಗದಗಳನ್ನು ಒಂದು ಭಾನುವಾರ ಬೆಳಿಗ್ಗೆ ಕೂತು ಓದಿದೆ. ಅರ್ಧಕ್ಕಿಂತ ಜಾಸ್ತಿ ಕಾಗದಗಳಲ್ಲಿ ಇದ್ದದ್ದು ಒಂದೇ ಭಯ, ಮಾತು ಮಾತ್ರ ಬೇರೆ ಬೇರೆ. ಮಗು ತಲೆ ಬಡಿದುಕೊಳ್ಳುತ್ತದೆ. ಕೂತಲ್ಲೇ ತೂಗಾಡುತ್ತದೆ. ಬೆರಳನ್ನು ಬಾಯಿಂದ ತೆಗೆಯುವುದೇ ಇಲ್ಲ. ಇದು ಯಾವುದಾದರೂ ದೊಡ್ಡ ಕಾಯಿಲೆಯ ಶುರುವಾ? ಹಾಗಾಗಿ ಜ್ವರ, ಕೆಮ್ಮು, ಲಸಿಕೆಯ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಈ ಸಲ ಇದೊಂದೇ. ಬರೆದವರ ಹೆಸರು, ಊರು ಬಿಟ್ಟಿದ್ದೇನೆ. ಕೆಲವು ಕಾಗದಗಳನ್ನು ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 13 ತಿಂಗಳು. ಎರಡು ತಿಂಗಳಿಂದ ರಾತ್ರಿ ಮಲಗಿಸಿದ ಮೇಲೆ ಮಂಡಿ, ಕೈ ಊರಿ ಎದ್ದು ಹಿಂದೆ ಮುಂದೆ ತೂಗುತ್ತಾನೆ. ಆಮೇಲೆ ಮಂಚದ ಹಲಗೆಗೆ ಹಣೆ ಬಡಿಯಲು ಶುರು ಮಾಡುತ್ತಾನೆ. ದಡ್, ದಡ್, ದಡ್ ಅಂತ ಒಂದೇ ಸಮ. ಹತ್ತು ನಿಮಿಷ ನಡೆಯುತ್ತದೆ. ಅಳುವುದಿಲ್ಲ, ನಾನು ಹೋಗಿ ಎತ್ತಿಕೊಂಡರೇ ಅಳುತ್ತಾನೆ. ಹಣೆ ಮೇಲೆ ಕೆಂಪು ಗುರುತು ಬಿದ್ದಿದೆ. ನೆತ್ತಿ ಇನ್ನೂ ಮೆತ್ತಗಿದೆ, ಮಿದುಳಿಗೆ ಪೆಟ್ಟಾಗುವುದಿಲ್ಲವೇ? ನಾನು ಕೆಲಸಕ್ಕೆ ಮರಳಿ ಹೋದ ತಿಂಗಳೇ ಇದು ಶುರುವಾಯಿತು. ನನ್ನಿಂದಲೇ ಹೀಗಾಯಿತಾ? ಮೊಬೈಲಿನಲ್ಲಿ ಹುಡುಕಿದರೆ ಆಟಿಸಂ (ಮಗು ಬೇರೆಯವರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿ ಬೆಳೆಯುವ ಸ್ಥಿತಿ) ಅಂತ ಬರುತ್ತದೆ. ಮೂರು ವಾರದಿಂದ ನಾನು ಸರಿಯಾಗಿ ಮಲಗಿಲ್ಲ.

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಿಮ್ಮ ಕಣ್ಣು ಹಣೆಯ ಮೇಲಿನ ಕೆಂಪು ಗುರುತಿನ ಮೇಲೇ ಇದೆ. ನನ್ನ ಕಣ್ಣು ನಿಂತಿದ್ದು ಬೇರೆ ಸಾಲಿನ ಮೇಲೆ: "ಅಳುವುದಿಲ್ಲ, ನಾನು ಹೋಗಿ ಎತ್ತಿಕೊಂಡರೇ ಅಳುತ್ತಾನೆ." ನೋವಾಗಿದ್ದರೆ, ಹೆದರಿದ್ದರೆ, ಎತ್ತಿಕೊಂಡ ಕೂಡಲೇ ಮಗು ಸುಮ್ಮನಾಗಬೇಕಿತ್ತು ಅಲ್ವಾ? ಇವನದು ಉಲ್ಟಾ. ಯಾಕೆಂದರೆ ಅವನು ಆಗಲೇ ಸಮಾಧಾನವಾಗಿದ್ದಾನೆ, ಇನ್ನೇನು ನಿದ್ದೆಗೆ ಜಾರುವ ಹೊತ್ತು. ಆಗ ನೀವು ಎತ್ತಿದರೆ ಅರ್ಧ ಮುಗಿದ ಕೆಲಸ ಕೆಡುತ್ತದೆ. ಅದಕ್ಕೇ ಆ ಅಳು.

ಅವನು ಮಾಡುತ್ತಿರುವುದು ತನ್ನನ್ನು ತಾನೇ ಮಲಗಿಸಿಕೊಳ್ಳುವ ಕೆಲಸ. ನಾವು ಮಗುವನ್ನು ಹೇಗೆ ಮಲಗಿಸುತ್ತೇವೆ ನೋಡಿ. ತೊಡೆಯ ಮೇಲೆ ಹಾಕಿಕೊಂಡು ತೂಗುತ್ತೇವೆ, ಹೆಗಲಿಗೆ ಹಾಕಿಕೊಂಡು ಓಡಾಡುತ್ತೇವೆ, ಬೆನ್ನು ತಟ್ಟುತ್ತೇವೆ. ಎಲ್ಲವೂ ಒಂದೇ ತಾಳದ ಅಲುಗಾಟ. ಕಿವಿಯ ಒಳಗೆ ದೇಹದ ಸಮತೋಲ ನೋಡಿಕೊಳ್ಳುವ ಒಂದು ಪುಟ್ಟ ಅಂಗ ಇದೆ. ಅದು ಮಗು ಹೊಟ್ಟೆಯಲ್ಲಿರುವಾಗಲೇ ಕೆಲಸ ಶುರು ಮಾಡಿರುತ್ತದೆ. ನೀವು ನಡೆದಾಗ, ಮೆಟ್ಟಿಲು ಹತ್ತಿದಾಗ ಅವನೂ ಒಳಗೆ ತೂಗುತ್ತಿದ್ದ. ಹಾಗಾಗಿ ಒಂದೇ ಸಮನಾದ ಅಲುಗಾಟ ಅಂದರೆ ಮಗುವಿನ ಮೈಗೆ ಗೊತ್ತಿರುವ ಅತ್ಯಂತ ಹಳೆಯ ಸಮಾಧಾನ. 2013ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯವರು ಇದನ್ನು ಅಳೆದೂ ನೋಡಿದರು. ಆರು ತಿಂಗಳೊಳಗಿನ ಮಕ್ಕಳನ್ನು ಅಮ್ಮಂದಿರು ಎತ್ತಿಕೊಂಡು ಸುಮ್ಮನೆ ಕೂತಾಗ ಆಗದ ಬದಲಾವಣೆ, ಎದ್ದು ನಡೆದಾಗ ಆಯಿತು. ಅಳು ಕಡಿಮೆಯಾಯಿತು, ಎದೆಬಡಿತ ನಿಧಾನವಾಯಿತು. ದೊಡ್ಡವರಿಗೂ ಇದು ಹಿತವೇ. 2019ರಲ್ಲಿ ಜಿನೀವಾ ವಿಶ್ವವಿದ್ಯಾಲಯದಲ್ಲಿ 18 ಜನ ಆರೋಗ್ಯವಂತ ಯುವಕ ಯುವತಿಯರನ್ನು ಮೆಲ್ಲಗೆ ತೂಗುವ ಮಂಚದ ಮೇಲೆ ಮಲಗಿಸಿದಾಗ ಅವರಿಗೆ ಬೇಗ ನಿದ್ದೆ ಬಂತು, ಗಾಢ ನಿದ್ದೆಯೂ ಹೆಚ್ಚಾಯಿತು.

ನಿಮ್ಮ ಮಗ ಈಗ ಮಂಡಿ ಊರಲು ಕಲಿತಿದ್ದಾನೆ. ಇನ್ನು ತೂಗಲು ಬೇರೆಯವರು ಬೇಕಿಲ್ಲ, ತಾನೇ ತೂಗಿಕೊಳ್ಳುತ್ತಾನೆ. ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ ತೂಗಾಟ ಶುರುವಾಗುತ್ತದೆ, ಒಂಬತ್ತು ತಿಂಗಳ ಸುಮಾರಿಗೆ ತಲೆ ಬಡಿಯುವುದು. ಸೆಕೆಂಡಿಗೆ ಒಂದೋ ಎರಡೋ ಸಲ, ಹೆಚ್ಚಿನ ಸಲ ಹದಿನೈದು ನಿಮಿಷದ ಒಳಗೇ ಮುಗಿಯುತ್ತದೆ. ಎಷ್ಟು ಮಕ್ಕಳು ಹೀಗೆ ಮಾಡುತ್ತಾರೆ ಗೊತ್ತೇ? ನಿದ್ದೆಯ ತಜ್ಞರ ಕೈಪಿಡಿಯಲ್ಲಿರುವ ಲೆಕ್ಕ ಹೇಳುತ್ತೇನೆ. 9 ತಿಂಗಳ ವಯಸ್ಸಿನಲ್ಲಿ ನೂರಕ್ಕೆ 59 ಮಕ್ಕಳು ಮಲಗುವಾಗ ಮೈ ತೂಗುವುದೋ, ತಲೆ ಹೊರಳಿಸುವುದೋ, ತಲೆ ಬಡಿಯುವುದೋ ಯಾವುದಾದರೂ ಒಂದನ್ನು ಮಾಡುತ್ತಾರೆ. 18 ತಿಂಗಳಿಗೆ ಅದು 33ಕ್ಕೆ ಇಳಿಯುತ್ತದೆ. 5 ವರ್ಷಕ್ಕೆ ಬರುವಾಗ ಉಳಿಯುವುದು ನೂರಕ್ಕೆ 5. ಔಷಧಿ ಕೊಟ್ಟು ಇಳಿಸಿದ್ದಲ್ಲ, ತಾನಾಗಿ ಇಳಿದದ್ದು.

ಇನ್ನು ನೆತ್ತಿಯ ಮಾತು. ನೆತ್ತಿಯ ಮೆತ್ತಗಿನ ಜಾಗ ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಕೂಡಿಕೊಳ್ಳುತ್ತದೆ. ನಿಮ್ಮ ಮಗನದು ಇನ್ನೂ ಮೆತ್ತಗಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಅವನು ಬಡಿಯುತ್ತಿರುವುದು ನೆತ್ತಿಯನ್ನಲ್ಲ, ಹಣೆಯನ್ನು. ಅಲ್ಲಿ ಮೂಳೆ ಗಟ್ಟಿ. ಆರೋಗ್ಯವಂತ ಮಗು ಹೀಗೆ ನಿದ್ದೆಗೆ ಮುಂಚೆ ತಲೆ ಬಡಿದುಕೊಂಡು ಮಿದುಳಿಗೆ ಪೆಟ್ಟು ಮಾಡಿಕೊಳ್ಳುವುದು ತೀರಾ ಅಪರೂಪ. ಇಷ್ಟು ವರ್ಷಗಳಲ್ಲಿ ನಾನು ನೋಡಿದ್ದು ಕೆಂಪು ಗುರುತು, ಒಂದೊಂದು ಸಲ ಸಣ್ಣ ಬೋರೆ, ಒರಟಾದ ಚರ್ಮ, ಹಿಂದಲೆಯಲ್ಲಿ ಸವೆದ ಕೂದಲು. ಅಷ್ಟೇ.

ನೀವು ಕೆಲಸಕ್ಕೆ ಹೋದದ್ದರಿಂದ ಹೀಗಾಯಿತಾ? ಇದಕ್ಕೆ ಉತ್ತರವಾಗಿ ನನ್ನ ಮನೆಯದೇ ಒಂದು ವಿಷಯ ಹೇಳುತ್ತೇನೆ.

ನನ್ನ ದೊಡ್ಡ ಮಗಳು ಹತ್ತನೇ ತಿಂಗಳಲ್ಲಿ ಶುರು ಮಾಡಿದಳು. ಆಗ ನಾನು ರಜೆಯಲ್ಲಿದ್ದೆ. ದಿನವಿಡೀ ಅವಳ ಜೊತೆಗೇ ಇದ್ದೆ. ಆದರೂ ರಾತ್ರಿ ಒಂಬತ್ತಾದರೆ ಸಾಕು, ಮಂಚ ಕಿರ್ರ್ ಕಿರ್ರ್ ಅನ್ನುತ್ತಿತ್ತು. ಅವಳು ತೂಗಿದ ರಭಸಕ್ಕೆ ಚಿಕ್ಕ ಮಂಚ ಇಂಚು ಇಂಚಾಗಿ ಸರಿದು ಗೋಡೆಗೆ ಬಂದು ಕೂಡುತ್ತಿತ್ತು, ಆಮೇಲೆ ಗೋಡೆಗೆ ಬಡಿಯುವ ಸದ್ದು. ಮಕ್ಕಳ ವೈದ್ಯಶಾಸ್ತ್ರ ಓದಿದವಳು ನಾನು. ಪುಸ್ತಕದಲ್ಲಿ ಇದರ ಬಗ್ಗೆ ಒಂದು ಪುಟ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನನ್ನದೇ ಮಗು ಕತ್ತಲಲ್ಲಿ ತಲೆ ಬಡಿಯುವ ಸದ್ದು ಕೇಳುವಾಗ ಆ ಪುಟ ನೆನಪಿಗೇ ಬರಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಎಣಿಸಿ ಬರೆಯುತ್ತಿದ್ದೆ. ಸೋಮವಾರ 140 ಸಲ. ಮಂಗಳವಾರ 212. ಎರಡು ವಾರ ಆದ ಮೇಲೆ ಆ ನೋಟ್‌ಬುಕ್ಕನ್ನು ನನ್ನ ಹಿರಿಯ ಡಾಕ್ಟರೊಬ್ಬರ ಮುಂದೆ ಇಟ್ಟೆ. ಅವರು ಅದನ್ನು ತೆರೆಯಲೇ ಇಲ್ಲ. "ಬೆಳಿಗ್ಗೆ ಎದ್ದಾಗ ಅವಳು ಏನು ಮಾಡ್ತಾಳಮ್ಮ?" ಅಂತ ಕೇಳಿದರು. ಕಂಬಿ ಹಿಡಿದು ನಿಂತು ನನ್ನನ್ನು ಕೂಗುತ್ತಾಳೆ, ನಾನು ಬಂದರೆ ನಗುತ್ತಾಳೆ, ಕಿಟಕಿಯ ಹತ್ತಿರ ಹಕ್ಕಿ ಬಂದರೆ ಬೆರಳು ಮಾಡಿ ತೋರಿಸಿ ನನ್ನ ಮುಖ ನೋಡುತ್ತಾಳೆ ಅಂದೆ. "ಮತ್ತೆ ಇನ್ನೇನು ಬೇಕು? ನಾಳೆಯಿಂದ ಬಡಿದದ್ದು ಎಣಿಸಬೇಡ. ತೋರಿಸಿದ್ದು ಎಣಿಸು" ಅಂದರು. ಅವಳು ಎರಡೂವರೆ ವರ್ಷಕ್ಕೆ ತಾನಾಗಿ ಬಿಟ್ಟಳು. ಯಾವ ದಿನ ಬಿಟ್ಟಳು ಅಂತಲೂ ನನಗೆ ನೆನಪಿಲ್ಲ.

ಒಂಬತ್ತರಿಂದ ಹದಿಮೂರು ತಿಂಗಳ ಈ ಸಮಯದಲ್ಲೇ ಹಲ್ಲು ಬರುತ್ತದೆ, ಮಗು ಎದ್ದು ನಿಲ್ಲಲು ಕಲಿಯುತ್ತದೆ, ಅಮ್ಮ ಕಣ್ಣಿಂದ ಮರೆಯಾದರೆ ಅಳುವುದೂ ಜೋರಾಗುತ್ತದೆ. ಎಷ್ಟೋ ಅಮ್ಮಂದಿರು ಕೆಲಸಕ್ಕೆ ಮರಳುವುದೂ ಈ ಸಮಯದಲ್ಲೇ. ಎಲ್ಲವೂ ಒಂದೇ ತಿಂಗಳಲ್ಲಿ ಕೂಡಿ ಬಂದರೆ ನಾವು ಹೊರುವುದು ಮಾತ್ರ ನಮ್ಮ ಪಾಲಿನ ತಪ್ಪನ್ನು. ದಯವಿಟ್ಟು ಅದನ್ನು ಕೆಳಗಿಡಿ.

ಈಗ ಮಾಡಬೇಕಾದ್ದು. ಇವತ್ತೇ ಮಂಚದ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಿ, ದಿನಾ ಅಲುಗಿ ಸಡಿಲವಾಗಿರುತ್ತವೆ. ಮಂಚವನ್ನು ಗೋಡೆಯಿಂದ ದೂರ ಸರಿಸಿ, ಸದ್ದು ಅರ್ಧ ಕಡಿಮೆಯಾಗುತ್ತದೆ. ಇಲ್ಲವೇ ಗಟ್ಟಿ ಹಾಸಿಗೆಯನ್ನು ಕೋಣೆಯ ನಡುವೆ ನೆಲದ ಮೇಲೆ ಹಾಕಿ, ಬಡಿಯಲು ಹಲಗೆಯೇ ಸಿಗುವುದಿಲ್ಲ. ತಲೆಗೆ ಪೆಟ್ಟಾಗದಿರಲಿ ಅಂತ ಸುತ್ತ ದಿಂಬು, ಮೆತ್ತೆ ಮಾತ್ರ ತುಂಬಬೇಡಿ. ತಲೆ ಬಡಿಯುವುದಕ್ಕಿಂತ ದಿಂಬಿನಲ್ಲಿ ಮುಖ ಹುದುಗಿ ಉಸಿರು ಕಟ್ಟುವ ಅಪಾಯ ದೊಡ್ಡದು. ಮಲಗಿಸುವ ಮುಂಚೆ ನೀವೇ ಹತ್ತು ನಿಮಿಷ ತೊಡೆಯ ಮೇಲೆ ಹಾಕಿಕೊಂಡು ಚೆನ್ನಾಗಿ ತೂಗಿ. ಸಂಜೆ ಕುಣಿಯಲಿ, ತೆವಳಲಿ, ಹತ್ತಿ ಇಳಿಯಲಿ. ಜಾಸ್ತಿ ದಣಿದು ರಚ್ಚೆ ಹಿಡಿಯುವ ಮುಂಚೆಯೇ ಹಾಸಿಗೆಗೆ ಬರಲಿ. ಬಡಿಯಲು ಶುರು ಮಾಡಿದ ಕೂಡಲೇ ಓಡಿ ಹೋಗಬೇಡಿ. ಪ್ರತಿ ಸಲ ಓಡಿ ಹೋದರೆ ಅಮ್ಮನನ್ನು ಕರೆಯಲು ಇದೇ ಗಂಟೆ ಅಂತ ಕಲಿತುಬಿಡುತ್ತಾನೆ. ಗದರುವುದು, ತಲೆ ಹಿಡಿದು ನಿಲ್ಲಿಸುವುದು ಬೇಡವೇ ಬೇಡ.

ಒಂದು ಸಲ ಕಿವಿ ತೋರಿಸಿ. ಕಿವಿ ಸೋಂಕಿನ ನೋವಿಗೂ ಮಕ್ಕಳು ತಲೆ ಬಡಿದುಕೊಳ್ಳುವುದುಂಟು. ಜ್ವರ ಇದ್ದರೆ, ಕಿವಿ ಎಳೆದುಕೊಳ್ಳುತ್ತಿದ್ದರೆ ತಡ ಮಾಡಬೇಡಿ. ರಕ್ತ ಬರುವಷ್ಟು ಬಡಿದುಕೊಂಡರೆ, ಹಗಲಲ್ಲೂ ಗಂಟೆಗಟ್ಟಲೆ ಅದರಲ್ಲೇ ಮುಳುಗಿ ಕರೆದರೂ ತಿರುಗದಿದ್ದರೆ, ಆಗಲೂ ಡಾಕ್ಟರ ಹತ್ತಿರ ಹೋಗಿ. ಆಟಿಸಂ ಅಂತ ಮೊಬೈಲ್ ಹೇಳಿತು ಅಂದಿರಿ. ಮಲಗುವಾಗ ತಲೆ ಬಡಿಯುವುದೊಂದರಿಂದಲೇ ಯಾರೂ ಆಟಿಸಂ ಅನ್ನುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಾನಾ, ಬೇಕಾದ್ದನ್ನು ಕೈ ಚಾಚಿ ಕೇಳುತ್ತಾನಾ, ತನಗೆ ಖುಷಿ ಕೊಟ್ಟದ್ದನ್ನು ನಿಮಗೂ ತೋರಿಸುತ್ತಾನಾ, ನೀವು ಟಾಟಾ ಮಾಡಿದರೆ ಅವನೂ ಮಾಡುತ್ತಾನಾ, ಇವನ್ನು ನೋಡಬೇಕು. ನಿಮ್ಮ ಕಾಗದದ ಕೊನೆಯಲ್ಲಿ, ನೀವು ಚಪ್ಪಲಿ ಹಾಕಿದರೆ ಬಾಗಿಲಿಗೆ ಓಡಿ ಬಂದು ಕೈ ಎತ್ತುತ್ತಾನೆ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ನೆಮ್ಮದಿಯಾಯಿತು. ನೀವೂ ಇವತ್ತು ರಾತ್ರಿ ಮಲಗಿ.

ಪ್ರಶ್ನೆ: ಡಾಕ್ಟರಮ್ಮ, ನನ್ನ ಮೊಮ್ಮಗಳಿಗೆ ಮೂರೂವರೆ ವರ್ಷ. ಬಲಗೈ ಹೆಬ್ಬೆರಳು ಬಾಯಲ್ಲಿ, ಎಡಗೈಯಲ್ಲಿ ಹಳೇ ಹೊದಿಕೆಯ ಚೂರು. ಆ ಚೂರಿನ ಮೂಲೆಯಿಂದ ಮೂಗು ತೀಡುತ್ತಾ ಕೂರುತ್ತಾಳೆ. ಒಗೆದರೆ ರಂಪ ಮಾಡುತ್ತಾಳೆ. ಹಲ್ಲು ಉಬ್ಬುತ್ತದೆ, ಬೆರಳಿಗೆ ಕಹಿ ಹಚ್ಚೋಣ, ಆ ಬಟ್ಟೆ ಬಿಸಾಕೋಣ ಅಂತ ನಾನು. "ಬಿಡಿ ಅತ್ತೆ, ತಾನಾಗಿ ಬಿಡ್ತಾಳೆ" ಅಂತ ಸೊಸೆ. ನಮ್ಮಿಬ್ಬರಲ್ಲಿ ಯಾರು ಸರಿ ಅಂತ ನೀವೇ ಹೇಳಿ.

ಉತ್ತರ: ಅಮ್ಮಾ, ಹಲ್ಲಿನ ಬಗ್ಗೆ ನಿಮ್ಮ ಕಾಳಜಿ ಸರಿ. ಬಿಡಿಸುವ ದಾರಿಯ ಬಗ್ಗೆ ನಿಮ್ಮ ಸೊಸೆ ಸರಿ.

ಮೊದಲು ಆ ಬಟ್ಟೆ. ಅದನ್ನು ಬಿಸಾಕಬೇಡಿ. ಡೊನಾಲ್ಡ್ ವಿನಿಕಾಟ್ ಅಂತ ಇಂಗ್ಲೆಂಡಿನ ಒಬ್ಬರು ಮಕ್ಕಳ ವೈದ್ಯರು, ಮನೋವಿಶ್ಲೇಷಕರೂ ಹೌದು, 1950ರ ದಶಕದ ಶುರುವಿನಲ್ಲೇ ಇಂಥ ಬಟ್ಟೆ ಚೂರು, ಬೊಂಬೆಗಳ ಬಗ್ಗೆ ಬರೆದರು. ಅಮ್ಮ ಜೊತೆಗಿರುವುದಕ್ಕೂ ಒಂಟಿಯಾಗಿರುವುದಕ್ಕೂ ನಡುವೆ ಮಗು ತಾನೇ ಕಟ್ಟಿಕೊಂಡ ಸೇತುವೆ ಅದು ಅನ್ನುವುದು ಅವರ ಮಾತಿನ ತಿರುಳು. ಮನೆಯವರು ಅದರ ಬೆಲೆ ತಿಳಿದು ಪ್ರಯಾಣದಲ್ಲೂ ಜೊತೆಗೆ ಒಯ್ಯುತ್ತಾರೆ, ಕೊಳೆಯಾದರೂ ಒಗೆಯಲು ಹಿಂಜರಿಯುತ್ತಾರೆ ಅಂತಲೂ ಗಮನಿಸಿದರು. ಯಾಕೆಂದರೆ ಒಗೆದರೆ ವಾಸನೆ ಹೋಗುತ್ತದೆ, ವಾಸನೆ ಹೋದರೆ ಮಗುವಿಗೆ ಅದು ಬೇರೆಯೇ ಬಟ್ಟೆ. ನಿಮ್ಮ ಮೊಮ್ಮಗಳ ರಂಪಕ್ಕೆ ಕಾರಣ ಇದೇ. ಒಂದು ಉಪಾಯ ಇದೆ. ಅವಳು ನಿದ್ದೆಯಲ್ಲಿರುವಾಗ ಆ ಚೂರನ್ನು ಎರಡು ಮಾಡಿ, ಅಂಚು ಹೊಲಿದು ಇಡಿ. ಒಂದು ದಿಂಬಿನ ಹತ್ತಿರ, ಒಂದು ಒಗೆಯಲು. ವಾರಕ್ಕೊಂದು ಸಲ ಅದಲು ಬದಲು ಮಾಡಿ. ಎರಡರಲ್ಲೂ ಅವಳ ವಾಸನೆ ಕೂಡುತ್ತದೆ.

ಇನ್ನು ಹೆಬ್ಬೆರಳು. ಇದು ಹುಟ್ಟುವ ಮುಂಚಿನ ಅಭ್ಯಾಸ. ಹೊಟ್ಟೆಯಲ್ಲಿರುವ ಮಗು ಬೆರಳು ಚೀಪುವುದನ್ನು ಸ್ಕ್ಯಾನಿಂಗಿನಲ್ಲಿ ಎಷ್ಟೋ ಸಲ ಕಾಣುತ್ತೇವೆ. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವಾಗಿ ಬಿಡುತ್ತಾರೆ. ನಾಲ್ಕು ದಾಟಿದ ಮೇಲೂ ಹಗಲು ರಾತ್ರಿ ಜೋರಾಗಿ ಚೀಪುತ್ತಿದ್ದರೆ ಮುಂದಿನ ಹಲ್ಲು ಹೊರಗೆ ಬಾಗಬಹುದು, ಮೇಲಿನ ಕೆಳಗಿನ ಹಲ್ಲು ಕೂಡದೆ ಇರಬಹುದು. ಆರು ವರ್ಷದ ಸುಮಾರಿಗೆ ಶಾಶ್ವತ ಹಲ್ಲು ಬರಲು ಶುರುವಾಗುತ್ತದೆ, ಅದಕ್ಕೆ ಮುಂಚೆ ಬಿಟ್ಟರೆ ಒಳ್ಳೆಯದು. ಹಾಗಾಗಿ ನಿಮಗೆ ಇನ್ನೂ ಸಮಯ ಇದೆ. ನಾಲ್ಕು ತುಂಬಿದ ಮೇಲೂ ಬಿಡದಿದ್ದರೆ ಒಂದು ಸಲ ಹಲ್ಲಿನ ಡಾಕ್ಟರಿಗೆ ತೋರಿಸಿ.

ಕಹಿ ಹಚ್ಚಬೇಡಿ ಅನ್ನಲು ಕಾರಣ ಹೇಳುತ್ತೇನೆ. ಕಳೆದ ವರ್ಷ ಐದು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಕೈ ತೋರಿಸು ಪುಟ್ಟಾ ಅಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ತುಂಬಾ ಹೊತ್ತು ಪುಸಲಾಯಿಸಿದ ಮೇಲೆ ಒಂದು ಕೈ ಮುಂದೆ ಬಂತು. ಹೆಬ್ಬೆರಳಿನ ಚರ್ಮ ನೀರಲ್ಲಿ ನೆನೆದ ಹಾಗೆ ಬಿಳುಚಿ ಸುಕ್ಕಾಗಿತ್ತು, ಗೆಣ್ಣಿನ ಮೇಲೆ ಹಲ್ಲು ತಾಗಿ ತಾಗಿ ಗಟ್ಟಿಯಾದ ಸಣ್ಣ ಗಂಟು. ಉಗುರಿನ ಬದಿಯಲ್ಲಿ ಕೀವು. ಮನೆಯವರಿಗೆ ಕೀವಿನ ವಿಷಯ ಗೊತ್ತೇ ಇರಲಿಲ್ಲ. ಬೈಗುಳ, ಕಹಿ, ಬ್ಯಾಂಡೇಜ್ ಎಲ್ಲ ಆಗಿ, ಮಗು ಚೀಪುವುದನ್ನು ಬಿಡಲಿಲ್ಲ, ಬಚ್ಚಿಡುವುದನ್ನು ಕಲಿತಿತ್ತು. ಆ ಎರಡು ಕೈ ಬೆನ್ನ ಹಿಂದೆ ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬದಲಿಗೆ ಯಾವಾಗ ಚೀಪುತ್ತಾಳೆ ಅಂತ ನಾಲ್ಕು ದಿನ ಸುಮ್ನೆ ನೋಡಿ. ನಿದ್ದೆ ಬಂದಾಗಲಾ, ಟಿವಿ ಮುಂದೆಯಾ, ಹೊಸಬರು ಮನೆಗೆ ಬಂದಾಗಲಾ? ಟಿವಿ ಮುಂದೆ ಆದರೆ ಕೈಗೆ ಜೋಡಿಸುವ ಆಟಿಕೆಯೋ ಹಿಟ್ಟಿನ ಉಂಡೆಯೋ ಕೊಡಿ. ಹೊಸಬರು ಬಂದಾಗ ಆದರೆ ನಿಮ್ಮ ಪಕ್ಕ ಕೂರಿಸಿಕೊಳ್ಳಿ. ನಿದ್ದೆಯ ಹೊತ್ತಿನದನ್ನು ಸದ್ಯಕ್ಕೆ ಬಿಟ್ಟುಬಿಡಿ, ಅದು ಎಲ್ಲಕ್ಕಿಂತ ಕೊನೆಗೆ ಹೋಗುವುದು. "ಬಟ್ಟೆ ಹಾಸಿಗೆಯಲ್ಲೇ ಮಲಗಿರುತ್ತೆ, ನೀನು ಮಲಗುವಾಗ ಅದೂ ಬರುತ್ತೆ" ಅಂತ ಒಂದು ನಿಯಮ ಮಾಡಿ. ಬೆರಳು ಹೊರಗಿದ್ದ ಹೊತ್ತಿನಲ್ಲಿ ಹೊಗಳಿ. ಒಳಗಿದ್ದಾಗ ಏನೂ ಹೇಳಬೇಡಿ. ಈ ಕೆಲಸ ಸೊಸೆಗಿಂತ ನಿಮ್ಮಿಂದಲೇ ಚೆನ್ನಾಗಿ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ, ದಿನವಿಡೀ ಅವಳ ಜೊತೆ ಇರುವವರು ನೀವು.

ಪ್ರಶ್ನೆ: ಮಗನಿಗೆ 22 ತಿಂಗಳು. ನಿದ್ದೆ ಬಂದಾಗ ತಲೆಗೂದಲನ್ನು ಬೆರಳಿಗೆ ಸುತ್ತಿ ಎಳೆಯುತ್ತಾನೆ. ಬಲಗಡೆ ಒಂದು ಜಾಗ ಬೋಳಾಗಿದೆ. ಕಿತ್ತ ಕೂದಲನ್ನು ಕೆಲವು ಸಲ ಬಾಯಿಗೆ ಹಾಕುತ್ತಾನೆ.

ಉತ್ತರ: ಕೂದಲು ಸುತ್ತುವುದು, ಬೆರಳು ಚೀಪುವುದರ ಒಡಹುಟ್ಟು. ಎಷ್ಟೋ ಮಕ್ಕಳು ಎರಡನ್ನೂ ಒಟ್ಟಿಗೇ ಮಾಡುತ್ತಾರೆ, ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ. ಬೋಳಾದ ಜಾಗದಲ್ಲಿ ಕೂದಲು ಮತ್ತೆ ಬರುತ್ತದೆ. ಸದ್ಯಕ್ಕೆ ಕೂದಲನ್ನು ತೀರಾ ಗಿಡ್ಡ ಮಾಡಿಸಿ, ಕೈಗೆ ಜೂಲು ಇರುವ ಮೆತ್ತನೆ ಬೊಂಬೆ ಕೊಡಿ, ಜೂಲು ಕಿತ್ತು ಬರದ ಹಾಗೆ ಗಟ್ಟಿಯಾಗಿರಲಿ.

ಆದರೆ ಬಾಯಿಗೆ ಹಾಕುತ್ತಾನೆ ಅಂದಿರಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೂದಲು ಹೊಟ್ಟೆಯಲ್ಲಿ ಕರಗುವುದಿಲ್ಲ. ದಿನಾ ನುಂಗಿದರೆ ಅಲ್ಲೇ ಉಂಡೆಯಾಗಬಹುದು. ಮಣ್ಣು, ಕಾಗದ, ಸುಣ್ಣ ಏನಾದರೂ ತಿನ್ನುತ್ತಾನಾ ಅಂತಲೂ ನೋಡಿ. ಮಕ್ಕಳು ತಿನ್ನಬಾರದ್ದನ್ನು ತಿನ್ನುತ್ತಿದ್ದರೆ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವ ಸಾಧ್ಯತೆ ಇದೆ. ಈ ವಾರ ಡಾಕ್ಟರಿಗೆ ತೋರಿಸಿ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಮ್ಮ ಮಗುವಿಗೆ 6 ತಿಂಗಳು. ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಾಗಿ, ಎರಡೂ ಕೈ ಒಮ್ಮೆಲೇ ಎತ್ತಿ ಬೆಚ್ಚಿದ ಹಾಗೆ ಮಾಡುತ್ತದೆ. ಒಂದು ಸಲ ಆಗಿ, ಸ್ವಲ್ಪ ಬಿಟ್ಟು ಮತ್ತೆ. ಹೀಗೆ ಹತ್ತು ಹದಿನೈದು ಸಲ. ಆಮೇಲೆ ಅಳುತ್ತದೆ. ಇದೂ ಅಭ್ಯಾಸವೇ? ಹೊಟ್ಟೆನೋವು ಇರಬಹುದು ಅಂತ ಮನೆಯಲ್ಲಿ ಹೇಳುತ್ತಾರೆ.

ಉತ್ತರ: ಈ ಕಾಗದಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯಲಿಲ್ಲ. ಅದೇ ದಿನ ಬರೆದವರನ್ನು ಸಂಪರ್ಕಿಸಿ ಆಸ್ಪತ್ರೆಗೆ ಹೋಗಲು ಹೇಳಿದೆ. ಇಲ್ಲಿ ಹಾಕಿರುವುದು ಬೇರೆಯವರೂ ಓದಲಿ ಅಂತ.

ತೂಗಾಟ, ತಲೆ ಬಡಿತ ಒಂದೇ ತಾಳದಲ್ಲಿ ನಡೆಯುತ್ತದೆ, ಮಗುವಿಗೆ ಅದು ಹಿತ. ಇಲ್ಲಿ ಹಾಗಿಲ್ಲ. ಇದ್ದಕ್ಕಿದ್ದ ಹಾಗೆ ಮೈ ಮಡಚಿಕೊಳ್ಳುತ್ತದೆ, ಒಂದೆರಡು ಸೆಕೆಂಡು ಬಿಗಿಯುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ಹೆಚ್ಚಾಗಿ ನಿದ್ದೆಯಿಂದ ಎದ್ದ ಹೊತ್ತಿನಲ್ಲಿ, ಸಾಲುಸಾಲಾಗಿ. ಹೆಚ್ಚಿನ ಮಕ್ಕಳಲ್ಲಿ ಒಂದು ವರ್ಷದೊಳಗೆ ಶುರುವಾಗುವ ಒಂದು ಬಗೆಯ ಫಿಟ್ಸ್ ಹೀಗೇ ಕಾಣುತ್ತದೆ. ಅದಕ್ಕೆ ಇನ್‌ಫೆಂಟೈಲ್ ಸ್ಪಾಸಂ ಅನ್ನುತ್ತಾರೆ. ಹೊಟ್ಟೆನೋವು, ಬೆಚ್ಚಿಬೀಳುವುದು ಅಂತ ಅಂದುಕೊಂಡು ವಾರಗಟ್ಟಲೆ ಕಳೆದುಬಿಡುತ್ತಾರೆ. ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಇಂಥದ್ದು ಕಂಡರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಿ, ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಬೇಕಾಗುತ್ತದೆ. ಎಷ್ಟೋ ಸಲ ನಾವು ಬಾಯಿಮಾತಿನ ವಿವರಕ್ಕಿಂತ ಆ ಅರ್ಧ ನಿಮಿಷದ ವಿಡಿಯೋ ನೋಡಿಯೇ ತೀರ್ಮಾನಕ್ಕೆ ಬರುತ್ತೇವೆ.

ಪ್ರಶ್ನೆ: ಎರಡು ವರ್ಷದ ಮಗಳು ಖುಷಿಯಾದರೆ ತುದಿಗಾಲಲ್ಲಿ ನಿಂತು ಎರಡೂ ಕೈಗಳನ್ನು ಹಕ್ಕಿಯ ಹಾಗೆ ಪಟಪಟ ಬಡಿಯುತ್ತಾಳೆ. ಒಂದೇ ಚಿತ್ರದ ಪುಸ್ತಕವನ್ನು ಒಂದೇ ಸಂಜೆ ಹನ್ನೊಂದು ಸಲ ಓದಿಸಿದ್ದಾಳೆ. ಒಂದು ಪುಟ ಬಿಟ್ಟರೆ "ಅಪ್ಪಾ, ಕರಡಿ ಎಲ್ಲಿ?" ಅಂತ ಹಿಂದಕ್ಕೆ ತಿರುಗಿಸುತ್ತಾಳೆ. ಇದು ಸರೀನಾ?

ಉತ್ತರ: ಸರಿ. "ಅಪ್ಪಾ, ಕರಡಿ ಎಲ್ಲಿ?" ಅಂತ ಕೇಳುವ ಮಗು ನಿಮ್ಮ ಪ್ರಶ್ನೆಗೆ ತಾನೇ ಉತ್ತರ ಹೇಳಿದೆ. ಈ ವಯಸ್ಸಿನಲ್ಲಿ ಖುಷಿ ಮೈಯಲ್ಲಿ ಹಿಡಿಯದೆ ಕೈಯಿಂದ ಹೊರಗೆ ಬರುತ್ತದೆ. ಮಾತು ಬೆಳೆದ ಹಾಗೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಮೂರು ವರ್ಷವಾದರೂ ಹೆಚ್ಚಿನ ಹೊತ್ತು ತುದಿಗಾಲಲ್ಲೇ ನಡೆಯುತ್ತಿದ್ದರೆ ಮಾತ್ರ ತೋರಿಸಿ.

ಪುಸ್ತಕ ಹನ್ನೆರಡನೇ ಸಲವೂ ಓದಿ. 2011ರಲ್ಲಿ ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಮೂರು ವರ್ಷದ ಮಕ್ಕಳಿಗೆ ಕಥೆ ಓದಿ ನೋಡಿದರು. ಬೇರೆ ಬೇರೆ ಕಥೆ ಕೇಳಿದವರಿಗಿಂತ ಒಂದೇ ಕಥೆಯನ್ನು ಮತ್ತೆ ಮತ್ತೆ ಕೇಳಿದವರು ಹೊಸ ಪದಗಳನ್ನು ಚೆನ್ನಾಗಿ ಕಲಿತರು.

ಪ್ರಶ್ನೆ: ಮಗನಿಗೆ 20 ತಿಂಗಳು. ಹಗಲಲ್ಲೂ ಮೂಲೆಯಲ್ಲಿ ಕೂತು ತೂಗಾಡುತ್ತಾನೆ. ಆಟದ ಕಾರನ್ನು ಓಡಿಸುವುದಿಲ್ಲ, ತಿರುಗಿಸಿ ಹಾಕಿ ಚಕ್ರ ಮಾತ್ರ ತಿರುಗಿಸುತ್ತಾನೆ. ಒಂದು ವರ್ಷಕ್ಕೆ ಅಮ್ಮ, ಹಾಲು, ಬಾ, ಚೆಂಡು ಅಂತ ನಾಲ್ಕು ಮಾತು ಆಡುತ್ತಿದ್ದ, ಈಗ ಒಂದೂ ಇಲ್ಲ. ಕರೆದರೆ ತಿರುಗುವುದಿಲ್ಲ, ಆದರೆ ಚಾಕೊಲೇಟ್ ಕಾಗದದ ಸದ್ದಾದರೆ ಓಡಿ ಬರುತ್ತಾನೆ. ಗಂಡು ಮಕ್ಕಳು ಮಾತು ತಡ, ಕಾಯಿರಿ ಅಂತ ಎಲ್ಲರೂ ಹೇಳುತ್ತಾರೆ. ನೀವೂ ಹಾಗೇ ಹೇಳಿದರೆ ನನಗೆ ಧೈರ್ಯ ಬರುತ್ತದೆ.

ಉತ್ತರ: ಹಾಗೆ ಹೇಳಬೇಕು ಅಂತ ನನಗೂ ಆಸೆ. ಆದರೆ ಹೇಳಲಾರೆ.

ನನ್ನನ್ನು ತಡೆದದ್ದು ತೂಗಾಟ ಅಲ್ಲ. ತೂಗಾಟ ಒಂದೇ ಆಗಿದ್ದರೆ ಮೊದಲ ಕಾಗದದ ಅಮ್ಮನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೆ. ಬಂದ ಮಾತು ಹೋಗಿದೆ, ಅದು ನನ್ನನ್ನು ತಡೆಯಿತು. ತಡವಾಗಿ ಮಾತು ಬರುವುದು ಬೇರೆ, ಬಂದದ್ದು ಹೋಗುವುದು ಬೇರೆ. ಹೋದರೆ ಯಾವ ವಯಸ್ಸಿನಲ್ಲೂ ಕಾಯಬಾರದು. ಜೊತೆಗೆ ಕರೆದರೆ ತಿರುಗುವುದಿಲ್ಲ ಅಂದಿರಿ. ಕಾಗದದ ಸದ್ದು ಕೇಳಿಸುತ್ತದೆ, ಆದರೂ ಕಿವಿಯ ಪರೀಕ್ಷೆ ಮೊದಲು ಆಗಲೇಬೇಕು. ಕೆಲವು ಸದ್ದು ಕೇಳಿ ಕೆಲವು ಕೇಳದೆ ಇರುವ ಮಕ್ಕಳೂ ಇರುತ್ತಾರೆ.

ಮಕ್ಕಳ ಡಾಕ್ಟರ ಹತ್ತಿರ ಹೋಗಿ "ಎಂ-ಚಾಟ್ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಆಟಿಸಂನ ಲಕ್ಷಣ ಇದೆಯಾ ಅಂತ ನೋಡಲು 16ರಿಂದ 30 ತಿಂಗಳ ಮಕ್ಕಳಿಗಾಗಿ ಇರುವ ಪ್ರಶ್ನೆಪಟ್ಟಿ ಅದು. ಹೌದು, ಇಲ್ಲ ಅಂತ ಉತ್ತರ ಕೊಡುವ 20 ಪ್ರಶ್ನೆಗಳು, ಉತ್ತರ ಕೊಡುವವರು ನೀವೇ. ಸೂಜಿ ಇಲ್ಲ, ನೋವಿಲ್ಲ. ಅದು ಕಾಯಿಲೆಗೆ ಹೆಸರಿಡುವ ಪರೀಕ್ಷೆಯಲ್ಲ, ಇನ್ನೂ ಆಳವಾಗಿ ನೋಡಬೇಕಾ ಅಂತ ತಿಳಿಸುತ್ತದೆ. ಮುಂದೆ ಏನೇ ಹೆಸರು ಬರಲಿ ಬರದಿರಲಿ, ಮಾತಿನ ತರಬೇತಿ, ಆಟದ ಮೂಲಕ ಕಲಿಸುವ ಚಿಕಿತ್ಸೆ ಈಗಿಂದಲೇ ಶುರು ಮಾಡಬಹುದು. ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಸುಮ್ನೆ ಹೋಗಿ ಬಂದೆವು, ಏನೂ ಇರಲಿಲ್ಲ ಅಂತಾದರೆ ನಿಮಗಿಂತ ಜಾಸ್ತಿ ಖುಷಿ ನನಗೆ.

ಅಲ್ಲಿಯವರೆಗೆ ತೂಗಾಡುವುದನ್ನು ಬಲವಂತವಾಗಿ ನಿಲ್ಲಿಸಬೇಡಿ, ಅವನಿಗೆ ಅದರಿಂದ ಏನೋ ಸಮಾಧಾನ ಸಿಗುತ್ತಿದೆ. ಅವನ ಪಕ್ಕ ನೆಲದ ಮೇಲೆ ಕೂತು ನೀವೂ ಅದೇ ತಾಳದಲ್ಲಿ ತೂಗಿ, ಮೆಲ್ಲಗೆ ಒಂದು ಹಾಡು ಹೇಳಿ. ನಡುವೆ ನಿಲ್ಲಿಸಿ. ನಿಮ್ಮ ಕಡೆ ನೋಡುತ್ತಾನಾ? ನೋಡಿದರೆ ಮತ್ತೆ ಶುರು ಮಾಡಿ. ಚಕ್ರವನ್ನು ಅವನು ತಿರುಗಿಸಿದ ಮೇಲೆ ಒಂದು ಸಲ ನೀವು ತಿರುಗಿಸಿ. ಮಾತು ಹೋದದ್ದು ನೀವು ಮಾಡಿದ ಅಥವಾ ಮಾಡದೆ ಬಿಟ್ಟ ಯಾವುದರಿಂದಲೂ ಅಲ್ಲ.

"ಎಲ್ಲರೂ ಕಾಯಿರಿ ಅನ್ನುತ್ತಾರೆ" ಅಂದಿರಲ್ಲ, ಅದರಲ್ಲಿ ಮನೆಯವರೂ ಇದ್ದಾರೆ ಅನ್ನಿಸಿತು. ಒಬ್ಬರೇ ಹೋಗಬೇಡಿ. ಗಂಡನೋ ತಂಗಿಯೋ ಯಾರಾದರೂ ಜೊತೆಗೆ ಬರಲಿ, ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಳ್ಳಲು ಎರಡನೇ ಜೋಡಿ ಕಿವಿ ಬೇಕು. ಪರೀಕ್ಷೆಯ ದಿನ ಗೊತ್ತಾದ ಕೂಡಲೇ ನನಗೊಂದು ಸಾಲು ಬರೆಯಿರಿ. ಯಾರೂ ಜೊತೆಗೆ ಬರುತ್ತಿಲ್ಲ ಅಂತಾದರೆ ಅದನ್ನೂ ಬರೆಯಿರಿ.